ಬೀಗ ಹಾಕಿದ ಪಾರ್ಕು ಯಾರನ್ನು ಕಾಯುತ್ತದೆ?

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳ ಗಡಿಯಾರ ಬದಲಾಗುತ್ತೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಕೆಲಸ, ಆಮೇಲೆ ಮನೆ. ನಮ್ಮ ಭಾಗದ ಬಿಸಿಲಲ್ಲಿ ಮಧ್ಯಾಹ್ನ ಮನುಷ್ಯ ಕೆಲಸ ಮಾಡೋದು ಕಷ್ಟ ಅಂತ ಸರ್ಕಾರ ಒಪ್ಪಿಕೊಂಡು ಎಷ್ಟೋ ವರ್ಷ ಆಯ್ತು. ಒಳ್ಳೆಯ ಆದೇಶ, ತಕರಾರಿಲ್ಲ.

ಆದರೆ ಅದು ನೌಕರರಿಗೆ ಮಾತ್ರ. ಎಂಟು ವರ್ಷದ ಹುಡುಗಿ ಎಷ್ಟು ಹೊತ್ತಿಗೆ ಆಡಬೇಕು, ಅರವತ್ತು ದಾಟಿದ ಅಜ್ಜಿ ಎಷ್ಟು ಹೊತ್ತಿಗೆ ವಾಕಿಂಗ್ ಹೋಗಬೇಕು ಅನ್ನೋದರ ಬಗ್ಗೆ ಯಾವ ಸುತ್ತೋಲೆಯೂ ಬರಲ್ಲ. ನೀವೇ ಲೆಕ್ಕ ಹಾಕಿ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟೋದು ಇಲ್ಲಿ ಸುದ್ದಿಯೇ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ನೆಲ ಕಾಯ್ದಿರುತ್ತೆ, ಸಂಜೆ ಆರೂವರೆ ಆಗೋ ತನಕ ಗೋಡೆಗಳಿಂದಲೇ ಝಳ ಹೊಡೆಯುತ್ತೆ. ಅಂದರೆ ಬೇಸಿಗೆಯಲ್ಲಿ ಪಾರ್ಕಿಗೆ ಹೋಗುವ ಹೊತ್ತು ಶುರುವಾಗೋದೇ ಕತ್ತಲಾದ ಮೇಲೆ. ನಮ್ಮ ಊರುಗಳ ಎಷ್ಟೋ ಪಾರ್ಕುಗಳಲ್ಲಿ ವಾಚ್‌ಮನ್ ಬೀಗ ಹುಡುಕೋದೂ ಅದೇ ಹೊತ್ತಿಗೆ.

ಯಾಕೆ ಬೀಗ ಅಂತ ಕೇಳಿದರೆ ಉತ್ತರ ಒಂದೇ: ಸೇಫ್ಟಿ. ಈ ಪದವನ್ನು ಸ್ವಲ್ಪ ಬಿಚ್ಚಿ ನೋಡೋಣ. ಪಾರ್ಕಿನಲ್ಲಿ ಯಾರಿಗೆ, ಯಾವುದರಿಂದ ಅಪಾಯ ಇದೆ? ಅದನ್ನು ತಡೆಯೋದು ಯಾರ ಕೆಲಸ? ಆ ಕೆಲಸ ಆಗುತ್ತಿದೆಯಾ ಅಂತ ನೀವು ಹೇಗೆ ಪರೀಕ್ಷೆ ಮಾಡಬಹುದು?

ಕುಡುಕರ ನೆಪ

ಬೀಗದ ಪರವಾಗಿ ಹೇಳೋ ಮೊದಲ ಮಾತು, "ರಾತ್ರಿ ಕುಡುಕರು ಬರ್ತಾರ್ರಿ, ಗಾಂಜಾ ಪೋರಗಳು ಕೂಡ್ತಾರ್ರಿ." ಸುಳ್ಳಲ್ಲ, ಬರ್ತಾರೆ. ಆದರೆ ಐದಡಿ ಕಾಂಪೌಂಡ್ ಹಾರೋದು ಯಾರಿಗೆ ಸುಲಭ? ಕ್ವಾರ್ಟರ್ ಬಾಟ್ಲಿ ಜೇಬಲ್ಲಿ ಇಟ್ಟುಕೊಂಡ ಇಪ್ಪತ್ತರ ಹುಡುಗನಿಗೆ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಗೆ, ಮಂಡಿನೋವಿನ ಅಜ್ಜನಿಗೆ ಅದು ಆಗದ ಮಾತು. ಹೀಗಾಗಿ ಬೀಗ ಹಾಕಿದ ಪಾರ್ಕಿನಲ್ಲಿ ಯಾರನ್ನು ಹೊರಗಿಡಬೇಕು ಅಂದುಕೊಂಡಿದ್ದರೋ ಅವರಷ್ಟೇ ಒಳಗೆ ಉಳಿಯುತ್ತಾರೆ, ಅದೂ ನೋಡುವವರಿಲ್ಲದೆ.

ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಿಷಯ ವಿವರಿಸಿದ್ದರು. ಬೀದಿಯನ್ನು ಕಾಯೋದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿ ಓಡಾಡುವ, ಅಂಗಡಿ ನಡೆಸುವ, ಕಿಟಕಿಯಿಂದ ಇಣುಕುವ ಜನರ ಕಣ್ಣು. ಪಾರ್ಕಿಗೂ ಅದೇ ಲೆಕ್ಕ. ದಿನದ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಜನ ಬಂದರೆ ಪಾರ್ಕು ತನ್ನನ್ನು ತಾನೇ ಕಾಯ್ಕೊಳ್ಳುತ್ತೆ. ನಮ್ಮ ಕಡೆಯ ಹಳ್ಳಿಯ ಅಗಸಿ ಕಟ್ಟೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸಿಸಿಟಿವಿ ಇಲ್ಲ, ಆದರೂ ಯಾರು ಬಂದರು, ಯಾರ ಮನೆಗೆ ಹೋದರು ಅನ್ನೋದು ಊರಿಗೆಲ್ಲ ಗೊತ್ತು. (ಈ ಕಣ್ಣಿಗೆ ಇನ್ನೊಂದು ಮುಖವೂ ಇದೆ. ಯಾವ ಹುಡುಗಿ ಯಾರ ಜೊತೆ ಮಾತಾಡಿದಳು ಅನ್ನೋದೂ ಊರಿಗೆಲ್ಲ ಗೊತ್ತಾಗುತ್ತೆ. ಅದಕ್ಕೆ ಆಮೇಲೆ ಬರ್ತೀನಿ.)

ಬೆಂಗಳೂರು ಈ ಪಾಠವನ್ನು ತಡವಾಗಿ ಕಲಿತಿತು. ಅಲ್ಲಿನ ಪಾಲಿಕೆಯ ಪಾರ್ಕುಗಳು ಬೆಳಿಗ್ಗೆ 10ಕ್ಕೆ ಮುಚ್ಚಿ, ಮಧ್ಯಾಹ್ನ 1.30ಕ್ಕೆ ತೆಗೆದು, ರಾತ್ರಿ 8ಕ್ಕೆ ಮತ್ತೆ ಮುಚ್ಚುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತ ತೀರ್ಮಾನವಾಯಿತು. ಆದರೆ ಟೈಮ್ ಬದಲಾದ ಮಾತ್ರಕ್ಕೆ ಬುದ್ಧಿ ಬದಲಾಗಲ್ಲ. ಅದೇ ವರ್ಷ ಇಂದಿರಾನಗರದ ಒಂದು ಪಾರ್ಕಿನ ಬೋರ್ಡು ಜಾಲತಾಣಗಳಲ್ಲಿ ಓಡಾಡಿತು: ಜಾಗಿಂಗ್ ಮಾಡಬಾರದು, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ನಡೆಯಬಾರದು. ಅದಕ್ಕೂ ಒಂದು ವರ್ಷ ಮೊದಲು ಕಬ್ಬನ್ ಪಾರ್ಕಿನಲ್ಲಿ ಜೋಡಿಗಳು ಹತ್ತಿರ ಕೂರಬಾರದು, ತಿಂಡಿ ತರಬಾರದು ಅಂತ ಸಿಬ್ಬಂದಿ ಎಚ್ಚರಿಸುತ್ತಿದ್ದದ್ದು ಸುದ್ದಿಯಾಗಿತ್ತು. ಜನ ನಡೆಯೋದು, ಓಡೋದು, ಕೂರೋದು, ತಿನ್ನೋದು ಬಿಟ್ಟರೆ ಪಾರ್ಕಿನಲ್ಲಿ ಉಳಿಯೋದು ಬರೇ ಗಿಡ.

ಒಂಬತ್ತು ವರ್ಷದ ಮೇಲೆ ಹುಡುಗಿಯರು ಎಲ್ಲಿ ಹೋಗ್ತಾರೆ?

1996-97ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಪಾರ್ಕುಗಳಿಗೆ ಬರುವ ಮಕ್ಕಳ ಬಗ್ಗೆ ಒಂದು ಅಧ್ಯಯನ ಆಯಿತು. ಚಿಕ್ಕವರಿದ್ದಾಗ ಹುಡುಗ ಹುಡುಗಿ ಇಬ್ಬರೂ ಬರ್ತಿದ್ದರು. ಒಂಬತ್ತು ವರ್ಷ ದಾಟಿದ ಕೂಡಲೇ ಹುಡುಗಿಯರ ಸಂಖ್ಯೆ ದಡಕ್ಕನೆ ಬೀಳುತ್ತಿತ್ತು, ಹುಡುಗರದ್ದು ಹಾಗೇ ಇರುತ್ತಿತ್ತು. ಪಾರ್ಕಿನಲ್ಲಿ ಇರೋದು ಒಂದೇ ದೊಡ್ಡ ಬಯಲು, ಅದನ್ನು ಫುಟ್‌ಬಾಲ್ ಆಡೋ ಹುಡುಗರು ಹಿಡಿದುಕೊಂಡಿದ್ದಾರೆ, ಜಗಳ ಆಡಿ ಜಾಗ ಗಿಟ್ಟಿಸಿಕೊಳ್ಳೋ ಬದಲು ಹುಡುಗಿಯರು ಮನೆಗೆ ಹೋಗ್ತಾರೆ ಅನ್ನೋದು ಗೊತ್ತಾಯಿತು. ನಗರಾಡಳಿತ 1999ರಿಂದ ಎರಡು ಪಾರ್ಕುಗಳನ್ನು ಮರುವಿನ್ಯಾಸ ಮಾಡಿತು. ಬಯಲನ್ನು ಗಿಡಗಳಿಂದ ಸಣ್ಣ ಸಣ್ಣ ಭಾಗ ಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಅಂಕಣ ಕೊಟ್ಟರು, ಕಾಲುದಾರಿ ಚೊಕ್ಕ ಮಾಡಿದರು. ಹುಡುಗಿಯರು ವಾಪಸ್ ಬಂದರು. ಅವರಿಗಾಗಿ ಬೇರೆ ಗೋಡೆ ಕಟ್ಟಬೇಕಾಗಲಿಲ್ಲ.

ಈ ಕಥೆಯನ್ನು ಕಲಬುರಗಿಯ ರೋಜಾಕ್ಕೆ ತಂದು ನೋಡಿ. ಖಾಜಾ ಬಂದೇನವಾಜರ ದರ್ಗಾದ ಸುತ್ತ ಬೆಳೆದ ಬಡಾವಣೆ ಇದು. ಅವರು ತೀರಿಕೊಂಡಿದ್ದು 1422ರಲ್ಲಿ, ಅಂದರೆ ಆರು ನೂರು ವರ್ಷಕ್ಕೂ ಹಳೆಯ ವಸ್ತಿ. ಓಣಿಗಳು ಕಿರಿದು, ಮನೆಗಳು ಒತ್ತೊತ್ತಾಗಿ, ಮಕ್ಕಳು ಬಹಳ. ರಂಜಾನ್‌ನಲ್ಲಿ ತರಾವೀಹ್ ನಮಾಜ್ ಮುಗಿದ ಮೇಲೆ ಇಂಥ ಓಣಿಗಳಲ್ಲಿ ಓಡಾಡಿದವರಿಗೆ ಗೊತ್ತು, ನಡುರಾತ್ರಿಯ ತನಕ ಜೀವಂತ ಇರುತ್ತೆ, ಹುಡುಗರು ದೀಪದ ಕಂಬದ ಕೆಳಗೇ ಕ್ರಿಕೆಟ್ ಆಡ್ತಿರ್ತಾರೆ. ಹುಡುಗಿಯರು ಬಾಗಿಲ ಹೊಸ್ತಿಲ ತನಕ ಬರ್ತಾರೆ. ಇದು ರೋಜಾದ ವಿಷಯ ಮಾತ್ರ ಅಲ್ಲ ಅಂತ ಬೇರೆ ಹೇಳಬೇಕಿಲ್ಲ. ಊರಿನ ಇನ್ನೊಂದು ತುದಿಗೆ ಹೋದರೂ ಹದಿಮೂರರ ಹುಡುಗಿ ಸಂಜೆ ಏಳಕ್ಕೆ ಪಾರ್ಕಿಗೆ ಹೊರಟರೆ "ಯಾಕ, ಯಾರ ಜೋಡಿ, ಎಷ್ಟೊತ್ತಿಗೆ ಬರ್ತಿ" ಅನ್ನೋ ಪ್ರಶ್ನೆ ತಪ್ಪಲ್ಲ. ಅವಳ ಅಣ್ಣನಿಗೆ ಆ ಪ್ರಶ್ನೆ ಇರಲ್ಲ.

ಹಂಗಾದರೆ ಮಹಿಳೆಯರಿಗೇ ಬೇರೆ ಪಾರ್ಕು ಮಾಡಬೇಕಾ? ದೆಹಲಿಯ ಪಾಲಿಕೆ "ಪಿಂಕ್ ಪಾರ್ಕ್" ಅಂತ ಮಾಡಿದೆ. ಹಳೇ ದೆಹಲಿಯಲ್ಲಿ ಪರ್ದಾ ಬಾಗ್ ಅನ್ನೋದು ಮುಂಚಿಂದಲೂ ಇದೆ. ನಮ್ಮಂಥ ಪ್ರಗತಿಪರರಿಗೆ ಇದನ್ನು ಕೇಳಿದರೆ ಮೂಗು ಮುರಿಯೋ ಅಭ್ಯಾಸ. ನನ್ನ ಅಭಿಪ್ರಾಯ ಅಷ್ಟು ಸರಳ ಇಲ್ಲ. ಮನೆಯಿಂದ ಹೊರಗೆ ಬರೋಕೇ ಪರ್ಮಿಷನ್ ಬೇಕಾದ ಹೆಣ್ಣುಮಗಳಿಗೆ "ಎಲ್ಲರಿಗೂ ತೆರೆದ ಪಾರ್ಕು" ಅನ್ನೋದು ತತ್ವದಲ್ಲಿ ಚೆಂದ, ಲೆಕ್ಕಕ್ಕೆ ಸೊನ್ನೆ. ಆದರೆ ಶಾಶ್ವತ ಗೋಡೆ ಕಟ್ಟಿದರೆ ಗೋಡೆಯ ಆಚೆಗಿನ ಊರೆಲ್ಲ ಗಂಡಸರದ್ದು ಅಂತ ಬರೆದುಕೊಟ್ಟ ಹಾಗೆ. ನಡುವಿನ ದಾರಿ ಅಂದರೆ ಟೈಮ್: ಅದೇ ಪಾರ್ಕು, ಅದೇ ಗೇಟು, ವಾರದಲ್ಲಿ ಎರಡು ಮೂರು ಸಂಜೆ ಇಷ್ಟರಿಂದ ಇಷ್ಟು ಗಂಟೆ ಮಹಿಳೆಯರು ಮತ್ತು ಮಕ್ಕಳಿಗೆ ಮೊದಲ ಹಕ್ಕು. ರೂಢಿ ಆದ ಮೇಲೆ ಆ ಗಂಟೆಗಳ ಗೆರೆ ತಾನೇ ಸಡಿಲಾಗುತ್ತೆ, ಗೋಡೆ ಹಾಗೆ ಸಡಿಲಾಗಲ್ಲ.

ಇನ್ನೊಂದು ತುದಿಯ ಪ್ರಯೋಗವೂ ನಮ್ಮ ರಾಜ್ಯದ್ದೇ. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ ಬ್ಲಾಂಕ್ ನಾಯ್ಸ್ ಬಳಗ "ಮೀಟ್ ಟು ಸ್ಲೀಪ್" ಅಂತ ಮಾಡುತ್ತೆ. ಹೆಣ್ಣುಮಕ್ಕಳು ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ಮಲಗೋದು, ಅಷ್ಟೇ. ಮೊದಲು ಕೇಳಿದಾಗ ನಗು ಬರಬಹುದು. ಆದರೆ ನಮ್ಮ ಊರಿನ ಯಾವುದೇ ಪಾರ್ಕಿನ ಬೆಂಚಿನ ಮೇಲೆ ಮಧ್ಯಾಹ್ನ ಟವೆಲ್ ಮುಖಕ್ಕೆ ಹಾಕಿ ಮಲಗಿದ ಗಂಡಸರನ್ನು ನೀವು ನೋಡಿದ್ದೀರಿ. ಹಾಗೆ ಮಲಗಿದ ಹೆಂಗಸನ್ನು ಯಾವತ್ತಾದರೂ ನೋಡಿದ್ದೀರಾ?

ಹೆಣ್ಣುಮಕ್ಕಳು ಪಾರ್ಕಿಗೆ ಬರಬೇಕಾದರೆ ಬೇಕಾದ ಎರಡು ವಸ್ತು ತೀರಾ ಮಾಮೂಲಿ: ನೀರು ಬರುವ ಶೌಚಾಲಯ ಮತ್ತು ಸರಿಯಾದ ಬೆಳಕು. ಶೌಚಾಲಯದ ಬಗ್ಗೆ ವಿವರಿಸಬೇಕಾದದ್ದು ಏನೂ ಇಲ್ಲ. ಬೆಳಕಿನ ಬಗ್ಗೆ ಇದೆ, ಯಾಕಂದ್ರೆ ಇಲ್ಲಿ ನಮ್ಮ ಎಂಜಿನಿಯರ್‌ಗಳು (ನಾನೂ ಅದೇ ಜಾತಿ, ಡಿಗ್ರಿ ಇಟ್ಟುಕೊಂಡು ಓಡಿ ಬಂದವನು) ಯಾವಾಗಲೂ ಎಡವುತ್ತಾರೆ. ಪಾರ್ಕಿನ ನಡುವೆ ಒಂದು ಎತ್ತರದ ಹೈಮಾಸ್ಟ್ ನಿಲ್ಲಿಸಿ "ಝಗಮಗ ಮಾಡೀವಿ" ಅಂತಾರೆ. ನಮ್ಮ ಕಣ್ಣು ಹೊಂದಿಕೊಳ್ಳೋದು ಅತಿ ಹೆಚ್ಚು ಬೆಳಕಿಗೆ. ಹಾಗಾಗಿ ದೀಪ ಪ್ರಖರ ಆದಷ್ಟೂ ಮರದ ಹಿಂದಿನ, ಗೋಡೆ ಪಕ್ಕದ ನೆರಳು ಇನ್ನೂ ಕಪ್ಪಾಗಿ ಕಾಣುತ್ತೆ. ನೀವು ಬೆಳಕಲ್ಲಿ ನಿಂತಿರ್ತೀರಿ, ಕತ್ತಲಲ್ಲಿ ನಿಂತವನಿಗೆ ನೀವು ಕಾಣ್ತೀರಿ, ನಿಮಗೆ ಅವನು ಕಾಣಲ್ಲ. ಸರಾಸರಿ ಬೆಳಕು ಎಷ್ಟು ಅನ್ನೋದಕ್ಕಿಂತ ಅತಿ ಕಡಿಮೆ ಬೆಳಕು ಬೀಳುವ ಜಾಗದಲ್ಲಿ ಎಷ್ಟಿದೆ ಅನ್ನೋದೇ ಮುಖ್ಯ. ನಾಲ್ಕೈದು ಮೀಟರ್ ಎತ್ತರದ ಸಣ್ಣ ಕಂಬಗಳನ್ನು ಕಾಲುದಾರಿಯುದ್ದಕ್ಕೂ ಹಾಕಿದರೆ ಎದುರು ಬರುವವರ ಮುಖ ಕಾಣುತ್ತೆ. ಕಾಂಪೌಂಡ್ ವಿಷಯವೂ ಇದೇ: ಕಲ್ಲಿನ ಗೋಡೆ ಎತ್ತರ ಮಾಡಿದಷ್ಟೂ ಒಳಗೆ ಏನಾಗ್ತಿದೆ ಅಂತ ರಸ್ತೆಗೆ ಕಾಣಲ್ಲ. ಮೊಣಕಾಲೆತ್ತರದ ಗೋಡೆ, ಮೇಲೆ ಗ್ರಿಲ್ ಸಾಕು.

ಮಕ್ಕಳನ್ನು ಕೊಂದದ್ದು ಅಪರಿಚಿತರಲ್ಲ

ಇನ್ನು ನಾವು ಮಾತೇ ಆಡದ ಅಪಾಯಕ್ಕೆ ಬರೋಣ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಾಲಿಕೆಯ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಆಡಲು ಬಂದಿದ್ದ ಬಾಲಕ ಸತ್ತ. 2017ರ ಅಕ್ಟೋಬರ್‌ನಲ್ಲಿ ಲಾಲ್‌ಬಾಗ್‌ನಲ್ಲಿ ಕಲ್ಲಿನ ಶಿಲ್ಪ ಬಿದ್ದು ಏಳು ವರ್ಷದ ಹುಡುಗ ಸತ್ತಿದ್ದ. ಎರಡೂ ಕಡೆ ಕುಡುಕನೂ ಇಲ್ಲ, ಕಳ್ಳನೂ ಇಲ್ಲ. ಪಾರ್ಕನ್ನು ಕಾಯಬೇಕಾದ ಗೇಟು, ಚೆಂದಗಾಣಿಸಬೇಕಾದ ಕಲ್ಲು, ಅವೇ ಬಿದ್ದವು.

ಕಲಬುರಗಿಯ ಓದುಗರು ಇದನ್ನು ಇನ್ನೂ ಗಂಭೀರವಾಗಿ ತಗೋಬೇಕು, ಕಾರಣ ನಮ್ಮ ಕಾಲ ಕೆಳಗಿನ ಮಣ್ಣು. ತೊಗರಿಗೆ ಬಂಗಾರದಂಥ ಕರಿ ಎರೆ ಮಣ್ಣು ಕಟ್ಟಡಕ್ಕೆ ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಇಂಥ ಮಣ್ಣಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಕಾಂಕ್ರೀಟ್ ಸುರಿದು ನಿಲ್ಲಿಸಿದ ಗೇಟಿನ ಕಂಬ, ಜೋಕಾಲಿ ಕಂಬ, ದೀಪದ ಕಂಬ ವರ್ಷ ವರ್ಷ ಚೂರುಚೂರೇ ವಾಲುತ್ತೆ. ಗೇಟು ನೆಲಕ್ಕೆ ಉಜ್ಜೋಕೆ ಶುರುವಾದರೆ, ಮುಚ್ಚೋಕೆ ಎತ್ತಿ ತಳ್ಳಬೇಕಾದರೆ ಅದು ಬರೇ ಕಿರಿಕಿರಿ ಅಂದುಕೊಳ್ಳಬೇಡಿ. ಹಿಂಜಿನ ಮೇಲೆ ಬರಬಾರದ ಭಾರ ಬರ್ತಿದೆ ಅಂತ ಅರ್ಥ. ಪಕ್ಕಕ್ಕೆ ಸರಿಯುವ ಗೇಟಾದರೆ ಕೊನೆಯಲ್ಲಿ ಸ್ಟಾಪರ್ ಇದೆಯಾ, ಮೇಲೆ ಹಿಡಿದುಕೊಳ್ಳುವ ಗೈಡ್ ಇದೆಯಾ ನೋಡಿ. ಇವು ನೂರಿನ್ನೂರು ರೂಪಾಯಿಯ ಸಾಮಾನು, ವೆಲ್ಡಿಂಗ್ ಅಂಗಡಿಯವ ಅರ್ಧ ಗಂಟೆಯಲ್ಲಿ ಹಾಕ್ತಾನೆ.

ಜಾರುಬಂಡಿಯ ಕೆಳಗೆ ಏನಿದೆ ಅಂತಲೂ ಬಗ್ಗಿ ನೋಡಿ. ಎಷ್ಟೋ ಹೊಸ ಪಾರ್ಕುಗಳಲ್ಲಿ ಚೆಂದದ ಪೇವರ್ ಬ್ಲಾಕ್ ಇರುತ್ತೆ. ಎರಡು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 22 ಕಿಲೋಮೀಟರ್ ದಾಟಿರುತ್ತೆ. ಪಿಯುಸಿ ಫಿಸಿಕ್ಸ್ ಸಾಕು, ನೀವೇ ಲೆಕ್ಕ ಮಾಡಿ. ಆ ವೇಗವನ್ನು ಮರಳು ನಿಧಾನಕ್ಕೆ ಇಳಿಸುತ್ತೆ, ಕಾಂಕ್ರೀಟು ತಲೆಬುರುಡೆಗೆ ಕೊಡುತ್ತೆ. ಯುರೋಪಿನ ಇಎನ್ 1176 ಮಾನದಂಡದ ಪ್ರಕಾರ ಬೀಳುವ ಎತ್ತರ 60 ಸೆಂಟಿಮೀಟರ್ ಮೀರಿದರೆ ಕೆಳಗೆ ಪೆಟ್ಟು ಹೀರುವ ನೆಲ ಇರಬೇಕು. ಎರಡು ಮೀಟರ್ ಎತ್ತರಕ್ಕೆ, ಚೆದುರಿ ಹೋಗೋದನ್ನೂ ಲೆಕ್ಕ ಹಾಕಿ, ಸುಮಾರು 30 ಸೆಂಟಿಮೀಟರ್ ಸಡಿಲ ಮರಳು. ಹಾಕಿ ಬಿಟ್ಟರೆ ಮುಗೀಲಿಲ್ಲ, ಅದು ಗಟ್ಟಿ ಆಗುತ್ತೆ, ನಾಯಿ ಬೆಕ್ಕು ಹೇಲುತ್ತೆ. ವಾರಕ್ಕೊಮ್ಮೆ ಕೆದರಿ ಸ್ವಚ್ಛ ಮಾಡೋ ಕೈ ಬೇಕು. ಗುತ್ತಿಗೆದಾರನಿಗೆ ಪೇವರ್ ಇಷ್ಟ ಆಗೋದು ಇದಕ್ಕೇ, ಅದಕ್ಕೆ ಆಮೇಲೆ ಯಾರೂ ಬೇಕಾಗಲ್ಲ.

ನಾಯಿಯ ಮಾತು ಬಂತಲ್ಲ, ಒಂದೇ ಸಾಲು: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಊಟ ಹಾಕುವ ಜಾಗ ಮಕ್ಕಳು ಆಡುವ ಜಾಗದಿಂದ ದೂರ ಇರಬೇಕು. ನಾಯಿಪ್ರೇಮಿಗಳೂ ನಾಯಿವಿರೋಧಿಗಳೂ ಜಗಳಕ್ಕೆ ಮುಂಚೆ ಇದನ್ನೊಮ್ಮೆ ಓದಿಕೊಳ್ಳಬಹುದು.

ಬಿಸಿಲು ನಮ್ಮ ಕಡೆಯ ವಿಶೇಷ ಅಪಾಯ. ಕಬ್ಬಿಣ ಅಥವಾ ಸ್ಟೀಲಿನ ಜಾರುಬಂಡಿ ಮೇ ತಿಂಗಳ ಬಿಸಿಲಿಗೆ 60 ಡಿಗ್ರಿ ದಾಟೋದು ದೊಡ್ಡ ಮಾತಲ್ಲ, ಮಗುವಿನ ತೊಡೆ ಸುಡೋಕೆ ಕೆಲವು ಸೆಕೆಂಡು ಸಾಕು. ಕಪ್ಪು ರಬ್ಬರ್ ನೆಲವೂ ಹಾಗೇ ಕಾಯುತ್ತೆ, ಬೆಂಗಳೂರಿನ ಎಸ್ಟಿಮೇಟನ್ನು ಇಲ್ಲಿಗೆ ಕಾಪಿ ಹೊಡೆದರೆ ಆಗೋ ಅನಾಹುತ ಇದು. ಆಟದ ಸಾಮಾನನ್ನು ಬೇವಿನ ಮರದ ನೆರಳಿಗೆ ಹಾಕಿ. ಮರ ಇಲ್ಲದಿದ್ದರೆ ನೆರಳಿನ ಬಲೆ ಕಟ್ಟಿ. ಆಲಂಕಾರಿಕ ತಾಳೆ ಮರ ನೆಟ್ಟು ಫೋಟೋ ತೆಗೆಸಿಕೊಳ್ಳೋದನ್ನು ನಿಲ್ಲಿಸಿದರೂ ಅರ್ಧ ಕೆಲಸ ಆದಂಗೆ, ತಾಳೆಯ ನೆರಳಲ್ಲಿ ಕೋಳಿಯೂ ಕೂರಲ್ಲ.

ಕೊನೆಯದು ಕರೆಂಟು. ಮಳೆ ಬಂದ ಸಂಜೆ ಲೋಹದ ದೀಪದ ಕಂಬ ಹಿಡಿದು ಸುತ್ತು ಹಾಕೋದು ಎಲ್ಲ ಮಕ್ಕಳ ಆಟ. ಕಂಬದ ಬುಡದ ಡಬ್ಬಿಯ ಮುಚ್ಚಳ ಬಿದ್ದು ವೈರು ಹೊರಗೆ ನೇತಾಡ್ತಿದ್ದರೆ ಅದು ಸಾವಿನ ಬಾಗಿಲು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಇಎಲ್‌ಸಿಬಿ ಮನೆಗಳಲ್ಲಿ ಈಗ ಮಾಮೂಲಿ. ಪಾರ್ಕಿನ ದೀಪಗಳ ಸರ್ಕ್ಯೂಟಿಗೆ ಅದು ಇದೆಯಾ? ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ದುರ್ಬಲ ಆಗುತ್ತೆ, ಹಾಗಾಗಿ ಮಳೆಗಾಲದಲ್ಲಿ ಒಮ್ಮೆ ಅಳೆದು ಸರಿ ಇದೆ ಅಂದರೆ ನಮ್ಮೂರಿಗೆ ಸಾಲಲ್ಲ, ಬೇಸಿಗೆಯಲ್ಲೂ ಅಳೆಯಬೇಕು.

ಇಷ್ಟೆಲ್ಲ ಆದಮೇಲೂ ಅನಾಹುತ ಆದರೆ "ವಿಧಿ" ಅನ್ನೋ ಹಾಗಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲೇ ಪಾಲಿಕೆಯನ್ನು ಹೊಣೆ ಮಾಡಿತು. ಸರಿಯಾಗಿ ನೋಡಿಕೊಂಡಿದ್ದರೆ ಅದು ಬೀಳುತ್ತಲೇ ಇರಲಿಲ್ಲ, ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಅನ್ನೋದು ಅದರ ತಿರುಳು. 1999ರಲ್ಲಿ ರಸ್ತೆ ಬದಿಯ ಮರದ ಕೊಂಬೆ ಬಿದ್ದು ಸ್ಕೂಟರ್ ಸವಾರ ಸತ್ತ ಪ್ರಕರಣದಲ್ಲೂ ಅದೇ ಪಾಲಿಕೆ ಪರಿಹಾರ ಕೊಡಬೇಕಾಯಿತು. 2002ರಲ್ಲಿ ಕಡಿದು ಬಿದ್ದ ವಿದ್ಯುತ್ ತಂತಿಯ ಪ್ರಕರಣದಲ್ಲಿ ಕೋರ್ಟ್ ಇನ್ನೂ ಮುಂದೆ ಹೋಗಿ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ವಿದ್ಯುತ್ ಮಂಡಳಿಯೇ ಹೊಣೆ ಅಂತ ಹೇಳಿತು.

ಕಟ್ಟೋಕೆ ದುಡ್ಡು ಇದೆ, ಬೋಲ್ಟ್ ಬಿಗಿ ಮಾಡೋಕೆ ಇಲ್ಲ

ಇಷ್ಟು ಸಣ್ಣ ಕೆಲಸಗಳು ಯಾಕೆ ಆಗಲ್ಲ? ನಮ್ಮ ದುಡ್ಡು ಹರಿಯೋ ರೀತಿಯೇ ಹಾಗಿದೆ. 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಕಾಮಗಾರಿಗಳಿಗೆ ಹಣ ಬರುತ್ತೆ. 2015ರ ಅಮೃತ್ ಯೋಜನೆಯಲ್ಲಿ ಒಟ್ಟು ಮೊತ್ತದ 2.5%ವರೆಗೆ ಪಾರ್ಕು, ಹಸಿರು ಜಾಗಕ್ಕೆ ಇಡಬಹುದಿತ್ತು. ಇವೆಲ್ಲ ಕಟ್ಟುವ ದುಡ್ಡು. ಗುದ್ದಲಿ ಪೂಜೆ ಆಗುತ್ತೆ, ಓಪನ್ ಜಿಮ್ ಬರುತ್ತೆ, ಶಾಸಕರ ಹೆಸರಿನ ಕಲ್ಲು ನಿಲ್ಲುತ್ತೆ. ಎರಡು ವರ್ಷದ ಮೇಲೆ ಆ ಜಿಮ್ಮಿನ ಬೇರಿಂಗ್ ಹೋದಾಗ ನಲವತ್ತು ರೂಪಾಯಿಯ ಬೋಲ್ಟು ಪಾಲಿಕೆಯ ಸ್ವಂತ ಆದಾಯದಿಂದ ಬರಬೇಕು, ಅಲ್ಲಿ ಸಂಬಳ, ಕಸ, ನೀರಿನ ಬಿಲ್ಲಿನ ಸಾಲಿನಲ್ಲಿ ಪಾರ್ಕು ಕೊನೆಗೆ ನಿಂತಿರುತ್ತೆ. ಬೋಲ್ಟಿಗೆ ಯಾರೂ ಉದ್ಘಾಟನೆ ಮಾಡಲ್ಲ. ಇನ್ನೊಂದು ವಿಚಿತ್ರ: ಅಮೃತ್ ಮಾರ್ಗಸೂಚಿಯಲ್ಲೇ ಸ್ಥಳೀಯರನ್ನು ಸೇರಿಸಿಕೊಂಡು ಪಾರ್ಕು ನಿರ್ವಹಿಸುವ ವ್ಯವಸ್ಥೆ ಮಾಡಬೇಕು ಅಂತ ಇದೆ. ನಿಮ್ಮ ಓಣಿಯಲ್ಲಿ ಯಾರನ್ನಾದರೂ ಕರೆದು ಕೇಳಿದ್ದರಾ?

ಹಾಗಾಗಿ ಹೊಸ ಪಾರ್ಕು ಬೇಕು ಅನ್ನೋ ಬೇಡಿಕೆಗಿಂತ, ಹೊಸ ಪಾರ್ಕಿನ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆ ಸೇರಿಸಿ ಅನ್ನೋ ಬೇಡಿಕೆ ಹೆಚ್ಚು ಉಪಯೋಗಕ್ಕೆ ಬರುತ್ತೆ. ರಸ್ತೆ ಟೆಂಡರುಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಅಂತ ಇರೋದು ಎಲ್ಲರಿಗೂ ಗೊತ್ತು. ಜೋಕಾಲಿಗೂ ಅದು ಇರಬಾರದು ಅಂತ ಯಾರು ಹೇಳಿದ್ದಾರೆ?

ಪಾರ್ಕೇ ಇಲ್ಲದ ಓಣಿ

ಇಷ್ಟೊತ್ತು ಪಾರ್ಕು ಇದೆ ಅಂದುಕೊಂಡು ಮಾತಾಡಿದೆವು. ಬಹಳ ಕಡೆ ಇಲ್ಲ, ಅದಕ್ಕೆ ಕಾನೂನೇ ಒಂದು ಕಾರಣ. ನಮ್ಮಲ್ಲಿ ಪಾರ್ಕು ಹುಟ್ಟೋದು ಲೇಔಟ್ ನಕ್ಷೆಯಿಂದ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ತನ್ನ ಬಡಾವಣೆಗಳಲ್ಲಿ 15% ಜಾಗ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು ಅನ್ನುತ್ತೆ. ಉಳಿದ ಊರುಗಳಲ್ಲೂ ಲೇಔಟ್ ಮಂಜೂರಾಗಬೇಕಾದರೆ ಒಂದು ಪಾಲು ಬಿಡಲೇಬೇಕು. ಒಳ್ಳೆಯದೇ. ಆದರೆ ನಕ್ಷೆ, ಪ್ರಾಧಿಕಾರ ಯಾವುದೂ ಇಲ್ಲದ ಕಾಲದಲ್ಲಿ ಹುಟ್ಟಿದ ರೋಜಾದಂಥ ವಸ್ತಿಗೆ ಈ ಸೂತ್ರದಿಂದ ಒಂದು ಗುಂಟೆಯೂ ಸಿಗಲ್ಲ. ಸೈಟು ಕೊಂಡವರಿಗೆ ಸೈಟಿನ ಜೊತೆ ಪಾರ್ಕು ಬಂತು, ಹಳೇ ಊರಿನವರಿಗೆ ದರ್ಗಾದ ಅಂಗಳ, ಸ್ಮಾರಕದ ಬಯಲು, ಖಬರಸ್ತಾನದ ಅಂಚು ಉಳಿಯಿತು. ಎರೆ ಮಣ್ಣಿನಷ್ಟೇ ಹಳೆಯ ಈ ಅಸಮಾನತೆಗೆ ಹೊಸ ಬಡಾವಣೆಯ ಪಾರ್ಕಿಗೆ ಇನ್ನೊಂದು ಕಾರಂಜಿ ಹಾಕಿದರೆ ಪರಿಹಾರ ಆಗಲ್ಲ.

ಜಾಗ ಇಲ್ಲದ ಕಡೆ ಜಾಗ ಹುಟ್ಟಿಸೋಕೆ ಆಗಲ್ಲ, ಹಂಚಿಕೊಳ್ಳೋಕೆ ಆಗುತ್ತೆ. ಸರ್ಕಾರಿ ಶಾಲೆಯ ಮೈದಾನ ಸಂಜೆ ಐದರ ಮೇಲೆ, ರಜೆಯಲ್ಲಿ ದಿನವಿಡೀ ಖಾಲಿ ಬಿದ್ದಿರುತ್ತೆ. ಅದರ ಗೇಟು ಸಂಜೆ ಓಣಿಯ ಮಕ್ಕಳಿಗೆ ತೆಗೆಯೋಕೆ ಬೇಕಾದದ್ದು ಒಂದು ಹೊಂದಾಣಿಕೆ: ಶಾಲೆಯ ಆಸ್ತಿ ಹಾಳಾದರೆ ಪಾಲಿಕೆ ಕಟ್ಟಿಕೊಡುತ್ತೆ, ಕಾವಲುಗಾರನ ಸಂಬಳ ಪಾಲಿಕೆ ಕೊಡುತ್ತೆ, ಮುಖ್ಯೋಪಾಧ್ಯಾಯರ ತಲೆ ಮೇಲೆ ಹೊಣೆ ಬರಲ್ಲ. ಈಗ ಆ ಮೂರನೆಯದರ ಹೆದರಿಕೆಯಿಂದಲೇ ಗೇಟು ಮುಚ್ಚಿರೋದು, ಹೆಡ್‌ಮಾಸ್ತರರನ್ನು ಬೈಯ್ದು ಉಪಯೋಗ ಇಲ್ಲ.

ಇರುವ ಪಾರ್ಕನ್ನು ಉಳಿಸಿಕೊಳ್ಳೋಕೆ ಮಾತ್ರ ಕಾನೂನು ನಿಮ್ಮ ಪರ ಗಟ್ಟಿಯಾಗಿ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆ ಮೇರೆಗೆ ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಬಿ.ಎಸ್. ಮುದ್ದಪ್ಪ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ರದ್ದಾದದ್ದನ್ನು ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದಲ್ಲವಾ ಅಂತ ಕೇಳಬಹುದು. ಒಳ್ಳೆಯದೇ, ಆದರೆ ಪಾರ್ಕಿನ ಜಾಗದಲ್ಲಿ ಅಲ್ಲ. ಇದಲ್ಲದೆ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅಂತ 1985ರದ್ದು ಒಂದಿದೆ. ಅದರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಎಲ್ಲ ಪಾರ್ಕು, ಮೈದಾನಗಳ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಇದ್ದ ಜಾಗವನ್ನು ಮನಸ್ಸು ಬಂದಂತೆ ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ.

ಈ ಪಟ್ಟಿ ಅನ್ನೋದೇ ನಿಮ್ಮ ಮೊದಲ ಆಯುಧ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು ಅನ್ನೋ ನಿಯಮ ಇದೆ, ಉದ್ದ ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. ಒಂದು ಅರ್ಜಿಯಲ್ಲಿ 1985ರ ಕಾಯ್ದೆಯಡಿ ಮಾಡಿದ ಪಟ್ಟಿ. ಇನ್ನೊಂದರಲ್ಲಿ ನಿಮ್ಮ ಪಾರ್ಕಿನ ಆಟದ ಸಾಮಾನು, ಗೇಟು, ವಿದ್ಯುತ್ ಪರೀಕ್ಷೆ ಕಡೆಯ ಸಲ ಯಾವಾಗ ಆಯಿತು, ವರದಿ ಪ್ರತಿ. ಉತ್ತರಕ್ಕೆ 30 ದಿನ. ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ, ಈ ಕಾಯ್ದೆಯಲ್ಲಿ ಕಾಗದ ಕೇಳೋದಷ್ಟೇ ಅಲ್ಲ, ಕಾಮಗಾರಿಯನ್ನು ಖುದ್ದು ಪರಿಶೀಲನೆ ಮಾಡುವ ಹಕ್ಕೂ ಇದೆ. ನಿಮ್ಮ ಗೆಳೆಯರಲ್ಲಿ ಯಾರೋ ಒಬ್ಬ ಡಿಪ್ಲೊಮಾ ಸಿವಿಲ್ ಓದ್ತಿರ್ತಾನೆ, ಅವನನ್ನು ಕರೆದುಕೊಂಡು ಟೇಪು ಹಿಡಿದು ಹೋಗಿ.

ಎರಡನೆಯದು ವಾರ್ಡ್ ಸಮಿತಿ. ಮಹಾನಗರ ಪಾಲಿಕೆಗಳ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ತಿಂಗಳಿಗೊಮ್ಮೆ ಸಭೆ. ಪಾರ್ಕು, ಮೈದಾನದ ನಿರ್ವಹಣೆ ನೋಡಿಕೊಳ್ಳೋದು ಸಮಿತಿಯ ಕೆಲಸಗಳಲ್ಲಿ ಒಂದು. ಪಾಲಿಕೆಯ 55 ವಾರ್ಡುಗಳಲ್ಲಿ ನಿಮ್ಮದರಲ್ಲಿ ಸಮಿತಿ ಇದೆಯಾ, ಕಡೆಯ ಸಭೆಯ ನಡಾವಳಿ ಎಲ್ಲಿ ಅಂತ ಕೇಳಿ. ಪಾರ್ಕಿನ ಟೈಮ್ ಬದಲಿಸೋಕೆ ಬೆಂಗಳೂರಿನಂತೆ ಡಿಸಿಎಂ ಬಾಯಿಂದಲೇ ಮಾತು ಬರಬೇಕಿಲ್ಲ. ಏಪ್ರಿಲ್ ಒಂದರಿಂದ ಮೇ ಕೊನೆಯ ತನಕ ರಾತ್ರಿ 10.30ರವರೆಗೆ ತೆರೆದಿಡಬೇಕು, ಇಂತಿಂಥ ಸಂಜೆ ಮಹಿಳೆಯರಿಗೆ ಮೊದಲ ಹಕ್ಕು ಅಂತ ಸಮಿತಿಯೇ ಠರಾವು ಮಾಡಿ ಆಯುಕ್ತರಿಗೆ ಕಳಿಸಬಹುದು. ಕಚೇರಿಗಳ ಬೇಸಿಗೆ ವೇಳಾಪಟ್ಟಿಯ ಪ್ರತಿಯನ್ನು ಜೊತೆಗೆ ಲಗತ್ತಿಸಿ, ವಾದ ಮಾಡೋ ಕೆಲಸ ಅದೇ ಮಾಡುತ್ತೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಹೋದರೆ ಸಿಗುವ, ಕೆಂಪು ಬಾಳೆಹಣ್ಣಿನ ಊರು ಕಮಲಾಪುರದಲ್ಲಿ ಪರಿಸ್ಥಿತಿ ಬೇರೆ. ತಾಲ್ಲೂಕು ಕೇಂದ್ರ ಆಗಿ ಇನ್ನೂ ಕೆಲವೇ ವರ್ಷ. ತಾಲ್ಲೂಕು ಆದ ಊರಿನ ಸುತ್ತ ಹೊಲಗಳು ಸೈಟುಗಳಾಗೋದನ್ನು ಎಲ್ಲ ಕಡೆ ನೋಡಿದ್ದೇವೆ. ಅಲ್ಲಿ ಬಿಡಬೇಕಾದ ಪಾರ್ಕಿನ ಜಾಗ ನಕ್ಷೆಯಲ್ಲಿ ಎಲ್ಲಿ ಬೀಳುತ್ತೆ ಅನ್ನೋದನ್ನು ಈಗಲೇ ನೋಡಬೇಕು. ಸಾಮಾನ್ಯವಾಗಿ ಸೈಟಿಗೆ ಬಾರದ ಹಳ್ಳದ ಪಕ್ಕದ ಮೂಲೆ, ಹೈಟೆನ್ಷನ್ ಲೈನಿನ ಕೆಳಗಿನ ಪಟ್ಟಿ ಪಾರ್ಕಿನ ಹೆಸರಿಗೆ ಹೋಗುತ್ತೆ. ಕಮಲಾಪುರದಲ್ಲಿ ಓದ್ತಿರುವವರು, ಅಲ್ಲಿಂದ ದಿನಾ ಬಸ್ಸಿಗೆ ಬಂದು ಹೋಗುವವರು ಹೊಸ ಲೇಔಟಿನ ನಕ್ಷೆ ಕೇಳಿ ತಗೊಳ್ಳಿ, ಹಸಿರು ಬಣ್ಣ ಬಳಿದ ತುಂಡನ್ನು ಹುಡುಕಿ, ಮೊಬೈಲಿನ ಮ್ಯಾಪಲ್ಲಿ ಆ ಜಾಗಕ್ಕೆ ಹೋಗಿ ನಿಂತು ತಲೆ ಎತ್ತಿ ನೋಡಿ. ಮೇಲೆ ತಂತಿ ಕಂಡರೆ ಆಕ್ಷೇಪಣೆ ಬರೆಯೋ ಟೈಮ್ ಸೈಟುಗಳ ನೋಂದಣಿ ಆಗೋ ಮುಂಚೆಯೇ.